ಹಗೇವಿನಲ್ಲಿ ರೊಟ್ಟಿ ಇಟ್ಟವಳಿಗೆ

ಕಪ್ಪತಗುಡ್ಡದ ಒಳಗೇರಿ,
ಬಾಗಿಲು ಶಕೆ ಮುನ್ನೂರ ಹನ್ನೊಂದು, ತಂಪುಗಾಲದ ಕೊನೆಯ ತಿಂಗಳು, ಹುಣ್ಣಿಮೆ ಕಳೆದ ಮೇಲೆ.

ಏನೇ ನಾಗವೇಣಿ ಹೊಂಬಳ, ಮಾಡಿದ್ದೇನು ಎಂದು ನೆಟ್ಟಗೆ ಒಂದು ಸಾಲು ಬರೆದಿಡಲು ನಿನ್ನ ಬೆರಳಿಗೆ ಏನಾಗಿತ್ತು? ಯಾರ ಮದುವೆಗೆ ಹೊತ್ತಾಗಿತ್ತು? "ಸಣ್ಣ ತಿದ್ದುಪಡಿ" ಎಂದು ಬರೆದಿದ್ದೀಯ, ಅಷ್ಟೇ. ಯಾವುದರ ತಿದ್ದುಪಡಿ, ಯಾಕೆ, ಎಲ್ಲಿ, ಒಂದೂ ಇಲ್ಲ. ನಮ್ಮ ಓಣಿಯ ಕೂಸುಗಳು ಸುಣ್ಣದಲ್ಲಿ ಗೋಡೆಗೆ ಗೀಚಿದ್ದರಲ್ಲಿ ಇದಕ್ಕಿಂತ ಹೆಚ್ಚು ಅರ್ಥವಿರುತ್ತದೆ. ಅದನ್ನು ಬರೆದು, ಯಂತ್ರ ಮುಚ್ಚಿ, ಚಹಾ ಕುಡಿಯಲು ಎದ್ದು ಹೋಗಿರಬೇಕು ನೀನು. ನಿನ್ನ ಆ ಸಣ್ಣದರಿಂದಾಗಿ ಇವತ್ತು ನನ್ನ ಮೊಮ್ಮಗಳು ಬಾಗಿಲ ಆಚೆ ನಿಂತಿದ್ದಾಳೆ, ನಾನು ಈಚೆ ಕೂತಿದ್ದೇನೆ, ನಡುವೆ ನೀನು ಮಾಡಿದ ಬಾಗಿಲು ನಿಂತಿದೆ. ಈಗಲೂ ಅರ್ಧಕ್ಕೆ ಬಿಟ್ಟು ಏಳಬೇಡ. ಕೂತು ಪೂರ್ತಿ ಓದು.

ನಾನು ಸಂಕವ್ವ. ಒಳಗೇರಿಯ ಸಾಲೆಯಲ್ಲಿ ಮೂರನೇ ಇಯತ್ತೆಯವರೆಗೆ ಕೂತವಳು. ಆಮೇಲೆ ಅವ್ವ ಬೀಸಲು ಕರೆದಳು, ಎದ್ದು ಹೋದೆ. ನಮ್ಮ ಕಾಲದ ಕೆಲವು ಮಾತು ನಿನಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ಬಯ್ದದ್ದಕ್ಕೆ ಕ್ಷಮೆ ಕೇಳುವವಳಲ್ಲ. ನಿನ್ನನ್ನು ಏನೆಂದು ಕರೆಯಬೇಕು ಎಂಬುದೇ ಮೊದಲು ತಿಳಿಯಲಿಲ್ಲ. ಹುಟ್ಟಿದ ವರ್ಷ ಹಿಡಿದರೆ ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿಗೂ ಹಿರಿಯಳು, ನಾನೇ ನಿನ್ನ ಕಾಲಿಗೆ ಬೀಳಬೇಕು. ಆದರೆ ಆ ಸಾಲು ಬರೆದ ದಿನ ನಿನಗೆ ನನ್ನ ಪಾರವ್ವನ ವಯಸ್ಸೇ ಇದ್ದಿರಬೇಕು. ಅವಳಂತೆಯೇ ಊಟ ಮರೆತು, ಕೂದಲು ಗಂಟು ಹಾಕಿಕೊಂಡು, ಬೆನ್ನು ಬಾಗಿಸಿ ಕೂತಿರಬೇಕು. ಆದ್ದರಿಂದ ತಂಗಿ ಎನ್ನುತ್ತೇನೆ. ಮನಸ್ಸಿಗೆ ಹತ್ತಿರವಾದರೆ ಓಗೊಡು.

ನೀನು ಆ ಬಾಗಿಲನ್ನು ಮಾಡಿದ್ದು ಗುಡ್ಡದ ಮೇಲಿನ ಗಾಳಿಗಿರಣಿಗಳ ಗೋದಾಮಿಗೆ. ಕಬ್ಬಿಣದ ಕದ, ಅದನ್ನು ತೆರೆ ಮುಚ್ಚು ಎಂದು ಹೇಳುವ ಒಂದು ವೆಬ್ ಪುಟ. ಆಮೇಲೆ ಹೊರಗಿನ ಗಾಳಿ ಉರಿಯತೊಡಗಿದಾಗ ನಮ್ಮ ಹಿರಿಯರು ಆ ಗೋದಾಮಿನೊಳಗೆ ಹೊಕ್ಕರು, ಗುಡ್ಡವನ್ನು ಒಳಗಿನಿಂದ ಕೊರೆಯುತ್ತ ಹೋದರು, ಓಣಿಗಳಾದವು, ಸಾಲೆಯಾಯಿತು, ತೊಟ್ಟಿಲು ಕಟ್ಟಿದರು. ಅದೇ ಒಳಗೇರಿ. ವರ್ಷದಲ್ಲಿ ನಮಗೆ ಎರಡೇ ಕಾಲ. ತಂಪುಗಾಲದಲ್ಲಿ ಹೊರಗೆ ಹೋಗಿ ಇಳಿಜಾರಿನಲ್ಲಿ ಜೋಳ ಬಿತ್ತುತ್ತೇವೆ, ಕೊಯ್ದು ತರುತ್ತೇವೆ. ಉರಿಗಾಲದಲ್ಲಿ ಬಾಗಿಲು ಹಾಕಿ ಒಳಗೆ ಕೂರುತ್ತೇವೆ. ಒಳಗೆ ಬೆಂಕಿ ಹಚ್ಚುವಂತಿಲ್ಲ, ಹೊಗೆಗೆ ಹೋಗಲು ದಾರಿಯಿಲ್ಲ. ಅದಕ್ಕೆ ಬಾಗಿಲ ಪಕ್ಕದಲ್ಲಿ ಬಿಸಿಗೋಡೆ ಎಂದಿದೆ, ಗೋದಾಮಿನ ಹಳೆಯ ಕಬ್ಬಿಣದ ಗೋಡೆ. ಹೊರಗೆ ಉರಿಗಾಳಿ ಬೀಸಿದರೆ ಒಳಗೆ ಆ ಗೋಡೆ ಹಂಚಿನಂತೆ ಕಾಯುತ್ತದೆ. ಹೆಂಗಸರೆಲ್ಲ ಸಾಲಾಗಿ ಕೂತು, ರೊಟ್ಟಿ ಬಡಿದು, ನೀರು ಸವರಿ, ಗೋಡೆಗೆ ಅಂಟಿಸುತ್ತೇವೆ. ಬೆಂದದ್ದನ್ನು ಒಣಗಿಸಿ ಖಡಕ್ ಮಾಡಿ ಅಟ್ಟದ ಮೇಲೆ ಪೇರಿಸಿದರೆ ತಂಪುಗಾಲಕ್ಕೆಲ್ಲ ಅದೇ ಊಟ, ಅಗಸಿ ಚಟ್ನಿ ಪುಡಿ ಜೊತೆಗೆ.

ಕಾಳು ಮಾತ್ರ ಹಗೇವಿನಲ್ಲಿ. ಹಗೇವು ನಿನಗೆ ಗೊತ್ತಿರಬೇಕು, ಹೊಂಬಳದವರಲ್ಲವೇ ನೀವು. ನೆಲದೊಳಗೆ ತೋಡಿದ ಕಣಜ, ಬಾಯಿಗೆ ಕಲ್ಲು, ಕಲ್ಲಿನ ಸುತ್ತ ಮಣ್ಣು. ನೆನಪಿಡುವ ಯಂತ್ರಕ್ಕೂ ನಾವು ಹಗೇವು ಎಂದೇ ಹೆಸರಿಟ್ಟಿದ್ದೇವೆ. ಬಾಗಿಲು ಹೇಗೆ ನಡೆಯಬೇಕು ಎಂದು ಬರೆದ ಬರಹವೆಲ್ಲ ಅದರಲ್ಲಿದೆ. ಯಾರು ಯಾವ ದಿನ ಏನು ಬದಲಿಸಿದರು ಎಂಬುದೂ ಅವರವರ ಹೆಸರಿನೊಂದಿಗೆ ಇದೆ. ನಿಮ್ಮ ಕಾಲದಲ್ಲಿ ಅದನ್ನು ರೆಪೊಸಿಟರಿ ಎನ್ನುತ್ತಿದ್ದರು, ಅದರೊಳಗೆ ಹಾಕುವುದಕ್ಕೆ ಕಮಿಟ್ ಎನ್ನುತ್ತಿದ್ದರು ಎಂದು ಪಾರವ್ವ ಹೇಳುತ್ತಾಳೆ. ಹೆಸರು ಏನೇ ಇರಲಿ. ಒಮ್ಮೆ ಒಳಗೆ ಹೋದದ್ದು ಅಲ್ಲಿಯೇ ಇರುತ್ತದೆ, ಯಾರು ಅಳಿಸಿದರೂ ಅಳಿಯುವುದಿಲ್ಲ. ನೀನು ಸತ್ತು ಮುನ್ನೂರು ವರ್ಷವಾದರೂ ನಿನ್ನ ಹೆಸರು ಅಲ್ಲಿ ಕೂತಿದೆ, "ಸಣ್ಣ ತಿದ್ದುಪಡಿ"ಯ ಪಕ್ಕದಲ್ಲಿ.

ಪಾರವ್ವ ನನ್ನ ಮಗನ ಮಗಳು. ಅವಳ ತಾಯಿತಂದೆ ಇಲ್ಲ, ನಾನೇ ಸಾಕಿದೆ. ಬಾಗಿಲು ರಿಪೇರಿ ಅವಳ ಕೆಲಸ, ಇಡೀ ಒಳಗೇರಿಗೆ ಆ ವಿದ್ಯೆ ಬರುವುದು ಅವಳೊಬ್ಬಳಿಗೆ. ನನಗೆ ಅದನ್ನು ಅರ್ಥ ಮಾಡಿಸಿದ್ದು ಅವಳೇ, ರೊಟ್ಟಿ ಬಡಿಯುವಾಗ. "ಆಯಿ," ಎಂದಳು (ನಾವು ಅಜ್ಜಿಗೆ ಆಯಿ ಎನ್ನುತ್ತೇವೆ), "ಮನಿಷಾ ಕೈಲೆ ಬರ್ದಿದ್ದು ಕಾಳು. ಬೀಸೂ ಯಂತ್ರ ಅದನ್ನ ಬೀಸಿ, ನಾದಿ, ಬೇಯಿಸಿ ಬಾಗಿಲಿಗೆ ಕೊಡತೈತಿ. ಬಾಗಿಲು ತಿನ್ನೂದು ರೊಟ್ಟಿ. ಕಾಳು ಬಾಗಿಲಿಗೆ ಅರಗೂದಿಲ್ಲ, ರೊಟ್ಟಿ ಓದಾಕ ಮನಿಷಾಗ ಬರೂದಿಲ್ಲ." ನೀನು ಪುಟದ ಬಣ್ಣ, ಅಕ್ಷರ, ಗುಂಡಿ ಒತ್ತಿದರೆ ಏನಾಗಬೇಕು ಎಂಬುದನ್ನೆಲ್ಲ ಬೇರೆ ಬೇರೆ ಫೈಲುಗಳಲ್ಲಿ ಚೊಕ್ಕವಾಗಿ ಬರೆದಿದ್ದೀಯ. ಅದು ಕಾಳು. ಒಳ್ಳೆಯ ಕಾಳು, ಸುಳ್ಳು ಹೇಳುವುದಿಲ್ಲ. ಬೀಸುವ ಯಂತ್ರ ಅವನ್ನೆಲ್ಲ ಒಂದುಗೂಡಿಸಿ, ಖಾಲಿ ಜಾಗ ತೆಗೆದು, ಹೆಸರುಗಳನ್ನು ಒಂದೊಂದೇ ಅಕ್ಷರಕ್ಕೆ ಇಳಿಸಿ, ಒಂದೇ ಒಂದು ಉದ್ದನೆಯ ಸಾಲು ಮಾಡಿ ಬೇರೊಂದು ಫೋಲ್ಡರಿನಲ್ಲಿ ಇಡುತ್ತದೆ. ಅದು ರೊಟ್ಟಿ. ಕಾಳೂ ಯಂತ್ರವೂ ಇದ್ದರೆ ಬೇಕೆಂದಾಗ ಮಾಡಿಕೊಳ್ಳಬಹುದು, ಕೂಡಿಡುವ ಅಗತ್ಯವೇ ಇಲ್ಲ. ಯಾವ ಹೆಂಗಸು ರೊಟ್ಟಿಯನ್ನು ಹಗೇವಿಗೆ ಸುರಿಯುತ್ತಾಳೆ? ನೀನು ಸುರಿದೆ. ಕಾಳಿನ ಜೊತೆಗೆ ಅದೇ ಕುಣಿಯಲ್ಲಿ, ಪ್ರತಿ ಸಲ ಬೀಸಿದಾಗಲೂ, ಕಾಳಿನಲ್ಲಿ ಒಂದು ಚುಕ್ಕೆ ಬದಲಾದರೂ ಇಡೀ ಹೊಸ ರೊಟ್ಟಿ.

ಅದನ್ನಾದರೂ ಸಹಿಸಬಹುದಿತ್ತು. ಆದರೆ ಆ ದಿನ ನೀನು ಇನ್ನೊಂದು ಮಾಡಿದೆ. ಬಾಗಿಲಿಗೆ ಧೂಳುಕಣ್ಣು ಎಂದು ಒಂದಿದೆ, ಹೊರಗೆ ಧೂಳು ಎದ್ದಿದೆಯೇ ಎಂದು ನೋಡುವ ಗಾಜು. ಧೂಳು ಕಂಡರೆ ಕದ ತೆರೆಯಬಾರದು. ಆದರೆ ಧೂಳು ಗಾಳಿಯಲ್ಲಿ ಇರದೆ ಗಾಜಿನ ಮೇಲೆಯೇ ಕೂತಿದ್ದರೆ? ಒರೆಸಿದರೂ ಕದ ಹಳೆಯದನ್ನೇ ನೆನಪಿಟ್ಟುಕೊಂಡು ಹಟ ಹಿಡಿದಿರಬೇಕು. ನೀನು ಅದಕ್ಕೇನೋ ಉಪಾಯ ಮಾಡಿದೆ. ಏನೆಂದು ನಮಗೆ ತಿಳಿಯದು. ಇಷ್ಟು ವರ್ಷ ಆಚೆ ಇದ್ದವರು ಗಾಜು ಒರೆಸಿ ಕದ ತಟ್ಟಿದರೆ ಬಾಗಿಲು ತೆರೆಯುತ್ತಿತ್ತು, ಅಷ್ಟು ಗೊತ್ತು. ಆ ಉಪಾಯವನ್ನು ನೀನು ಕಾಳಿನಲ್ಲಿ ಬರೆಯಲಿಲ್ಲ. ಬೆಂದ ರೊಟ್ಟಿಯ ಮೇಲೆಯೇ ಕೈಯಾಡಿಸಿ ಬರೆದೆ, ಆ ರೊಟ್ಟಿಯನ್ನು ಹಗೇವಿಗೆ ಹಾಕಿದೆ, ಕಲ್ಲು ಮುಚ್ಚಿದೆ. ಬಾಗಿಲು ನಡೆಯಿತು. ನಡೆಯುತ್ತಿರುವುದನ್ನು ಯಾರು ಬಗೆದು ನೋಡುತ್ತಾರೆ? ನಮ್ಮ ಹಿರಿಯರು ಒಂದು ದಿನವೂ ಹೊಸದಾಗಿ ಬೀಸಲಿಲ್ಲ. ನಿನ್ನ ಕೈಯ ರೊಟ್ಟಿಯನ್ನೇ ಮುನ್ನೂರು ವರ್ಷ ಬಾಗಿಲಿಗೆ ತಿನ್ನಿಸಿದರು.

ಈಗ ಅಂದಾನೆಪ್ಪನ ಕಥೆ ಕೇಳು. ಅಂದಾನೆಪ್ಪ ನನ್ನ ಗಂಡನ ತಮ್ಮ, ಒಳಗೇರಿಯ ಬಾಗಿಲಗೌಡ. ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹೇಳುವ ಅಧಿಕಾರ ಅವನದು. ಕಣ್ಣು ಮಂಜಾಗಿದೆ, ಒಪ್ಪಿಕೊಳ್ಳುವುದಿಲ್ಲ. ಬಾಗಿಲ ಪುಟದ ಅಕ್ಷರ ಸಣ್ಣವಾಗಿವೆ, ಮೊದಲು ಹೀಗಿರಲಿಲ್ಲ ಎಂದು ವರ್ಷವಿಡೀ ಗೊಣಗಿದ. "ಅಕ್ಷರ ಇದ್ದಂಗ ಅದಾವು, ನಿನ್ನ ಕಣ್ಣು ಸಣ್ಣ ಆಗ್ಯಾವು" ಎಂದು ನಾನು ಹೇಳಿದ್ದಕ್ಕೆ ಮೂರು ದಿನ ನನ್ನ ಕೈಯ ನೀರು ಮುಟ್ಟಲಿಲ್ಲ. ಕೊನೆಗೆ ಪಾರವ್ವ ಅವನ ಕಾಟ ತಾಳಲಾರದೆ ಕಾಳಿನಲ್ಲಿ ಅಕ್ಷರದ ಅಳತೆ ದೊಡ್ಡದು ಮಾಡಿಟ್ಟಳು. ಆ ಹೊತ್ತಿಗೆ ಸುಗ್ಗಿ ಮುಗಿದು ಎಲ್ಲರೂ ಒಳಗೆ ಬಂದಾಗಿತ್ತು. ಉರಿಗಾಲಕ್ಕೆ ಮುಂಚೆ ಗಾಳಿಗಿರಣಿಗೆ ಎಣ್ಣೆ ಬಿಡಲು ಕೊನೆಯದಾಗಿ ಹೊರಗೆ ಹೋಗಿ ಬರುವವಳು ಅವಳೊಬ್ಬಳೇ. ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳಿದಳು: "ಸಣ್ಣಜ್ಜಾ, ನಿನ್ನ ಅಕ್ಷರ ಕಾಳಿನ್ಯಾಗ ತಯಾರ ಅದಾವು. ಬೀಸೂದು ನಾ ಬಂದ ಮ್ಯಾಲೆ. ಬೀಸೂ ಯಂತ್ರಾ ಯಾಂವ ಬೇಕಾದಾಂವ ಹಚ್ಚಬಹುದು, ನಿಲ್ಲಸಾಕ ಮಾತ್ರ ನನ್ನ ಅಂಗೈನ ಬೇಕು. ನೀ ಮುಟ್ಟಬ್ಯಾಡ."

"ನಾ ಯಾಕ ಮುಟ್ಟಲಿ" ಎಂದ ಅಂದಾನೆಪ್ಪ, ಮುಖ ಆ ಕಡೆ ತಿರುಗಿಸಿ.

ಅವಳು ಗುಡ್ಡದ ತಿರುವು ದಾಟಿರಲಿಲ್ಲ, ಯಂತ್ರ ಗುಂಯ್ ಎನ್ನುವುದು ಕೇಳಿಸಿತು. ನಾನು ಜೋಳ ಕೇರುತ್ತಿದ್ದವಳು ಮೊರ ಹಿಡಿದುಕೊಂಡೇ ಓಡಿದೆ. ಅಂದಾನೆಪ್ಪ ಬಾಗಿಲ ಮುಂದೆ ನಿಂತು, ತೊಟ್ಟಿಲಲ್ಲಿ ಕೂಸು ನೋಡುವವನಂತೆ ಪುಟ ನೋಡುತ್ತಿದ್ದ. "ನೋಡ್ರಿ ವೈನಿ, ಎಷ್ಟ್ ಚಂದ ಕಾಣಸ್ತಾವು" ಎಂದ. ಅಕ್ಷರಗಳೇನೋ ಕುಂಬಳಕಾಯಿಯಷ್ಟು ದೊಡ್ಡದಾಗಿದ್ದವು. ಆ ಹೊತ್ತಿಗೆ ನನಗೂ ತಿಳಿಯಲಿಲ್ಲ. ಸಂಜೆ ಪಾರವ್ವ ಮರಳಿ ಬಂದು, ಗಾಜು ಒರೆಸಿ, ಕದ ತಟ್ಟಿದಾಗ ತಿಳಿಯಿತು. ಕದ ಅಲುಗಲಿಲ್ಲ; ಹೊಸದಾಗಿ ಬೀಸಿದ ರೊಟ್ಟಿಯಲ್ಲಿ ನಿನ್ನ ಕೈಯ ಉಪಾಯ ಇರಲಿಲ್ಲ. ಪುಟದ ಮೇಲೆ "ಧೂಳಿದೆ, ಕಾಯಿರಿ" ಎಂದು ಬಂತು. ಮತ್ತೆ ಒರೆಸಿದಳು, ಮತ್ತೆ ತಟ್ಟಿದಳು. "ಧೂಳಿದೆ, ಕಾಯಿರಿ." ಅಂದಿನಿಂದ ಇಂದಿನವರೆಗೆ ಅದೊಂದೇ ಮಾತು. ಅಂದಾನೆಪ್ಪನಿಗೆ ಈಗ ಓಣಿಯ ಕೊನೆಯಿಂದಲೂ ಓದಲು ಬರುತ್ತದೆ. ಓಣಿಯ ಕೊನೆಯಲ್ಲಿ ಕೂತು ಓದುತ್ತಿರುತ್ತಾನೆ.

ಹಳೆಯ ರೊಟ್ಟಿ ಹಗೇವಿನಲ್ಲಿದೆಯಲ್ಲ, ಅದನ್ನೇ ತೆಗೆದು ಕೊಟ್ಟರಾಯಿತಲ್ಲ ಎಂದು ನೀನು ಕೇಳುತ್ತೀಯ. ನಾನೂ ಕೇಳಿದೆ. ತೆಗೆದು ಕೊಟ್ಟೆವು. ಹಚ್ಚಿದ ಯಂತ್ರ ನಿಂತಿಲ್ಲ, ತಂಗಿ. ಬಾಗಿಲು ಕಣ್ಣು ಬಿಟ್ಟಾಗಲೆಲ್ಲ ಅದು ತಾನೇ ಕಾಳು ಬೀಸಿ, ಹೊಸ ರೊಟ್ಟಿ ಮಾಡಿ, ಹಳೆಯದರ ಮೇಲೆ ಇಟ್ಟುಬಿಡುತ್ತದೆ. ನಾವು ಇಟ್ಟದ್ದು ಬಾಗಿಲ ಬಾಯಿಗೆ ಹೋಗುವುದೇ ಇಲ್ಲ. ಅದನ್ನು ನಿಲ್ಲಿಸಲು ಪಾರವ್ವ ಅಂಗೈ ಒತ್ತುವ ಅಂಗೈಕಲ್ಲು ಒಳಗಿದೆ, ಆ ಅಂಗೈ ಹೊರಗಿದೆ. ಕದ ಒಡೆಯಬಹುದಲ್ಲ ಎಂದರೆ, ಉರಿಗಾಲಕ್ಕೆ ನಮಗೂ ಬೆಂಕಿಗೂ ನಡುವೆ ಇರುವುದು ಆ ಕದ ಒಂದೇ. ಒಡೆದರೆ ಮತ್ತೊಂದನ್ನು ಎರಕ ಹೊಯ್ಯಲು ನಮಗೆ ಕುಲುಮೆಯಿಲ್ಲ. ತೊಟ್ಟಿಲ ಕೂಸುಗಳಿರುವ ಊರು. "ಒಡೀರಿ" ಎನ್ನಲು ನನಗೆ ಬಾಯಿ ಬರಲಿಲ್ಲ. ಪಾರವ್ವನೇ ಮೊದಲು ಹೇಳಿದಳು, ಒಡೆಯಬೇಡಿ ಎಂದು.

ಕದದ ಪಕ್ಕದಲ್ಲಿ ಒಂದು ಕೊಳವೆಯಿದೆ, ಮುಷ್ಟಿ ತೂರುವಷ್ಟು. ನಮ್ಮಿಬ್ಬರ ಲೋಕವೆಲ್ಲ ಈಗ ಆ ಕೊಳವೆ. ಹೊರಗೆ ಕದದ ಮುಂದೆ ಕಲ್ಲಿನ ಜಗಲಿ, ಮೇಲೊಂದು ತಗಡು, ಅಲ್ಲಿ ಅವಳ ಬಿಡಾರ. ಖಡಕ್ ರೊಟ್ಟಿ ಇಡಿಯಾಗಿ ತೂರುವುದಿಲ್ಲ, ಚೂರು ಮಾಡಿ ಕಡ್ಡಿಯಿಂದ ನೂಕುತ್ತೇನೆ. ನೀರನ್ನು ಬಿದಿರಿನ ಓಟೆಯಲ್ಲಿ ಬಿಡುತ್ತೇನೆ. ಬೆಳಿಗ್ಗೆ ಅವಳು ಬೆರಳು ತೂರಿಸುತ್ತಾಳೆ, ನಾನು ಹಿಡಿದುಕೊಳ್ಳುತ್ತೇನೆ. ಮೊದಲ ದಿನಗಳಲ್ಲಿ ಬೆರಳಿಗೆ ಎಣ್ಣೆಯ ವಾಸನೆಯಿತ್ತು, ಈಗ ಬರೀ ಧೂಳು. ಮಾತಿಗೇನೂ ಕಡಿಮೆಯಿಲ್ಲ. "ಆಯಿ, ಇವತ್ತ ಚಟ್ನಿ ಪುಡಿ ಹಚ್ಚಾಕ ಮರತಿ" ಎನ್ನುತ್ತಾಳೆ. "ಮರತಿಲ್ಲ, ಕೊಳವಿ ತಿಂದೈತಿ. ಕೊಳವಿ ನೆಕ್ಕು" ಎನ್ನುತ್ತೇನೆ. ನಗುತ್ತಾಳೆ. ಆ ನಗು ಕಬ್ಬಿಣದ ಮೂಲಕ ಬರುವಾಗ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಆಗ ಬಾವಿಯಲ್ಲಿ ಇರುವವಳು ಅವಳೋ ನಾನೋ ಎಂದು ಗೊತ್ತಾಗುವುದಿಲ್ಲ. ಅವಳ ಮೇಲಾದರೂ ಆಕಾಶವಿದೆ. ನಾನು ಎದ್ದರೆ ಗೋಡೆ, ಕೂತರೆ ಗೋಡೆ, ನಾಕು ಹೆಜ್ಜೆ ಇಟ್ಟರೆ ಕುಂಬಳಕಾಯಿ ಅಕ್ಷರ.

ಅವಳಿಗೆ ವಿದ್ಯೆಯಿದೆ, ಯಂತ್ರವಿಲ್ಲ. ನನಗೆ ಯಂತ್ರವಿದೆ, ವಿದ್ಯೆಯಿಲ್ಲ. ಅವಳು ಕೊಳವೆಯಲ್ಲಿ ಹೇಳುವುದು, ನಾನು ಒಂದು ಬೆರಳಿನಿಂದ ಒತ್ತುವುದು. ಹಾಗೆಯೇ ಹಗೇವು ಬಗೆದೆವು. ಹಗೇವಿಗೆ ಒಂದು ಒಳ್ಳೆಯ ಗುಣವಿದೆ: ಹಿಂದಿನದು ಯಾವುದು, ಬದಲಾದದ್ದು ಯಾವುದು ಎಂದು ಅಕ್ಕಪಕ್ಕ ಇಟ್ಟು ತೋರಿಸುತ್ತದೆ. ಕಾಳಿನಲ್ಲಿ ಬದಲಾಗಿದ್ದರೆ ಆ ಒಂದು ಸಾಲನ್ನು ಬಣ್ಣ ಹಚ್ಚಿ ತೋರಿಸುತ್ತದೆ, ನನ್ನಂಥವಳಿಗೂ ಕಾಣುತ್ತದೆ. ನಿನ್ನ "ಸಣ್ಣ ತಿದ್ದುಪಡಿ" ಸಿಕ್ಕ ದಿನ ನಾನು ಕೂಗಿಕೊಂಡೆ, ಸಿಕ್ಕಿತು ಸಿಕ್ಕಿತು ಎಂದು. "ಏನ್ ಬದಲಾಗೈತಿ ಅಂತೈತಿ ಆಯಿ?" ಎಂದು ಕೊಳವೆಯಿಂದ ಕೇಳಿದಳು. ನೋಡಿದೆ. ಎಲ್ಲವೂ ಬದಲಾಗಿದೆ ಎನ್ನುತ್ತಿತ್ತು. ರೊಟ್ಟಿ ಇರುವುದೇ ಒಂದು ಸಾಲು, ಹಿಗ್ಗಿಸಿ ಹಾಸಿದರೆ ನಮ್ಮ ಓಣಿಗಿಂತ ಉದ್ದ. ಆ ಸಾಲಿಗೆ ಸಾಲೇ ಬದಲು. ಅದೇ ದಿನ ನೀನು ಹೊಸ ಬೀಸುವ ಯಂತ್ರವನ್ನೂ ತಂದಿದ್ದೆಯಂತೆ, ಒಂದೊಂದು ಅಕ್ಷರದ ಹೆಸರುಗಳೂ ಅದಲುಬದಲಾಗಿವೆ. ಇದರಲ್ಲಿ ಯಾವುದು ಯಂತ್ರ ಬದಲಿಸಿದ್ದು, ಯಾವುದು ನಿನ್ನ ಕೈ ಬದಲಿಸಿದ್ದು? ನಾನು ಓದಿ ಹೇಳತೊಡಗಿದೆ, ಅಕ್ಷರ ಅಕ್ಷರವಾಗಿ, ಕೊಳವೆಗೆ ಬಾಯಿ ಹಚ್ಚಿ. ಗಂಟಲು ಕಟ್ಟಿತು. ಅವಳು ಜಗಲಿಯ ಕಲ್ಲಿನ ಮೇಲೆ ಬರೆದುಕೊಂಡಳು, ಗಾಳಿ ಬಂದು ಧೂಳು ಹಾಸಿತು. "ಬಿಡು ಆಯಿ" ಎಂದಳು. ಪಾರವ್ವ ಬಿಡು ಎಂದದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

ಒಮ್ಮೆ ಊಹೆಯ ಮೇಲೆ ಅವಳೇ ಹೊಸ ಉಪಾಯ ಹೇಳಿದಳು, ಕಾಳಿನಲ್ಲಿ ಬರೆಸಿದಳು. ಯಂತ್ರ ಬೀಸಿತು. ಕದ ತೆರೆಯಲಿಲ್ಲ, ಒಳಗೆ ಗಾಳಿ ತಳ್ಳುವ ಪಂಖ ನಿಂತಿತು. ಬರೆದದ್ದನ್ನು ಅಳಿಸಿ ಹಿಂದಿನಂತೆ ಮಾಡುವಷ್ಟರಲ್ಲಿ ಕೂಸುಗಳ ಅಳು ಸಣ್ಣದಾಗತೊಡಗಿತ್ತು. ಅಳು ಸಣ್ಣದಾಗುವುದು ಎಂದರೇನು ಎಂದು ಹೆತ್ತವರಿಗೆ ಗೊತ್ತು. ಅಂದಾನೆಪ್ಪ ಹಗೇವಿನ ಯಂತ್ರದ ಮುಂದೆ ಅಡ್ಡ ಕೂತ. "ವೈನಿ, ಪಾರಿ ನನಗೂ ಮೊಮ್ಮಗಳ. ಆದ್ರ ಇನ್ ಮ್ಯಾಲೆ ಗೊತ್ತಿದ್ದದ್ದನ್ನ ಅಷ್ಟ ಬರೀಬೇಕು. ಅಂದಾಜಲೆ ಬ್ಯಾಡ" ಎಂದ. ಆ ಒಂದು ವಿಷಯದಲ್ಲಿ ಅವನದು ಸರಿ.

ಗೊತ್ತಿರುವುದು ಇಡೀ ಭೂಮಿಯ ಮೇಲೆ ನಿನಗೊಬ್ಬಳಿಗೆ. ಅದಕ್ಕೇ ಈ ಕಾಗದ. ಹೇಗೆ ಮುಟ್ಟುತ್ತದೆ ಎಂದು ಕೇಳಿದರೆ, ಅದೂ ನಿಮ್ಮ ಹಗೇವಿನ ಗುಣವೇ. ಒಳಗೆ ಹಾಕುವಾಗ ಯಾವ ತಾರೀಖು ಬರೆದರೂ ಅದು ನಂಬುತ್ತದೆ. ನಾನು ಇದರ ಮೇಲೆ ನಿನ್ನ ತಾರೀಖು ಬರೆದಿದ್ದೇನೆ, ಸಣ್ಣ ತಿದ್ದುಪಡಿಯ ಮರುದಿನದ್ದು. ಹಗೇವು ಚಕಾರವೆತ್ತಲಿಲ್ಲ, ನಿನ್ನ ಹೆಸರಿನ ಪಕ್ಕದಲ್ಲೇ ನನ್ನ ಹೆಸರು ಕೂರಿಸಿತು. ಅಂದಾನೆಪ್ಪ ನಕ್ಕ. ಪಾರವ್ವ ನಗಲಿಲ್ಲ, "ಮುಟ್ಟತೈತೋ ಇಲ್ಲೋ ನನಗ ಗೊತ್ತಿಲ್ಲ ಆಯಿ, ಬರಿ" ಎಂದಳು. ನೀನು ಉತ್ತರವನ್ನು ಹಾಗೆಯೇ ಹಗೇವಿಗೆ ಹಾಕು, ಅದು ಅಳಿಯುವುದಿಲ್ಲ, ನಮಗೆ ಸಿಗುತ್ತದೆ. ಆದರೆ ಒಂದು ತೊಡಕಿದೆ. ಆ ತೊಡಕೂ ನಿನ್ನ ರೊಟ್ಟಿಗಳದ್ದೇ. ಪ್ರತಿ ಬದಲಾವಣೆಗೂ ಇಡಿ ಇಡೀ ರೊಟ್ಟಿ ತುಂಬಿ ತುಂಬಿ ಹಗೇವು ಎಷ್ಟು ಭಾರವಾಗಿದೆಯೆಂದರೆ, ಗಾಳಿಗಿರಣಿಯಿಂದ ನಮಗೆ ಉಳಿಯುವ ಚೂರು ಕರೆಂಟಿನಲ್ಲಿ ಅದು ಪದರು ಪದರಾಗಿ, ಅಮಾವಾಸ್ಯೆಗೊಂದು ಪದರು ತೆರೆಯುತ್ತದೆ. ಕಾಳಷ್ಟೇ ಇದ್ದಿದ್ದರೆ ಒಂದು ಮಧ್ಯಾಹ್ನದಲ್ಲಿ ಎಲ್ಲವೂ ತೆರೆಯುತ್ತಿತ್ತು. ಈಗ ತೆರೆದಿರುವ ಪದರು ನಿನ್ನ ಆ ಸಾಲಿಗೆ ಮುಗಿಯುತ್ತದೆ. ಬರುವ ಅಮಾವಾಸ್ಯೆಗೆ ತೆರೆಯುವ ಪದರಿನಲ್ಲಿ ನಿನ್ನ ಆ ತಿಂಗಳ ಉಳಿದ ದಿನಗಳಿವೆ. ಅದರಾಚೆಯ ತಿಂಗಳು ಇರುವುದು ಇನ್ನೊಂದು ಪದರಿನಲ್ಲಿ, ಅದು ತೆರೆಯುವ ಹೊತ್ತಿಗೆ ಹೊರಗೆ ಉರಿಗಾಳಿ ಬೀಸುತ್ತಿರುತ್ತದೆ.

ನಿನ್ನ ಮೇಲೆ ಸಿಟ್ಟಿದೆ, ಆದರೆ ಒಂದು ಮಾತು ಹೇಳದೆ ಇರಲಾರೆ. ನೀನು ಯಾಕೆ ರೊಟ್ಟಿಯ ಮೇಲೆಯೇ ಕೈಯಾಡಿಸಿದೆ ಎಂದು ಪಾರವ್ವ ಜಗಲಿಯಲ್ಲಿ ಕೂತು ತುಂಬ ಯೋಚಿಸಿದ್ದಾಳೆ. ಅವಳಿಗೆ ಅಲ್ಲಿ ಬೇರೆ ಕೆಲಸವಿಲ್ಲ. "ಆಯಿ, ಆಕಿ ಗಡಿಬಿಡಿ ಮಾಡ್ಯಾಳ ಅಂದ್ರ ಅವತ್ತೂ ಯಾರೋ ಹೊರಗ ನಿಂತಿರಬೇಕು" ಎಂದಳು. ಗೋದಾಮಿನ ಕಾವಲಿನವನೋ, ಗಿರಣಿಗೆ ಎಣ್ಣೆ ಬಿಡುವವಳೋ, ಧೂಳಿನಲ್ಲಿ ಕದ ತಟ್ಟುತ್ತಿದ್ದಿರಬೇಕು; ನೀನು ದೂರದಲ್ಲೆಲ್ಲೋ ಯಂತ್ರದ ಮುಂದೆ ಕೂತು, ಬೀಸುವಷ್ಟು ಪುರಸೊತ್ತಿಲ್ಲದೆ, ಬೆಂದದ್ದನ್ನೇ ತಿದ್ದಿ ಕದ ತೆರೆದಿರಬೇಕು. ಹಾಗಿದ್ದರೆ ನಿನ್ನ ಕೈ ಒಳ್ಳೆಯ ಕೈ. ಆ ಕದದಿಂದ ಒಳಗೆ ಬಂದವರ ಮೊಮ್ಮಕ್ಕಳ ಪೈಕಿಯೇ ನಾವೂ ಇರಬಹುದು, ಯಾರು ಕಂಡರು. ಆದರೆ ಮರುದಿನ ಬೆಳಿಗ್ಗೆ ಎದ್ದು ಅದನ್ನು ಕಾಳಿನಲ್ಲಿ ಬರೆಯಬೇಕಿತ್ತಲ್ಲ, ತಂಗಿ. ಈ ಕಾಗದ ನಿನಗೆ ಮುಟ್ಟುವುದು ಅದೇ ಮರುದಿನ ಬೆಳಿಗ್ಗೆ. ಇನ್ನೂ ಹೊತ್ತು ಮೀರಿಲ್ಲ.

ಮೊದಲು ಆ ಉಪಾಯವನ್ನು ಕಾಳಿನಲ್ಲಿ ಬರೆ. ಪಕ್ಕದಲ್ಲಿ ಏನು ಮಾಡಿದೆ, ಯಾಕೆ ಮಾಡಿದೆ ಎಂದು ಮೂರನೇ ಇಯತ್ತೆಯವರಿಗೆ ತಿಳಿಯುವ ಮಾತಿನಲ್ಲಿ ಬರೆ, ಕೊಳವೆಯಲ್ಲಿ ಓದಿ ಹೇಳುವವಳು ನಾನು. ಆಮೇಲೆ ಆ ರೊಟ್ಟಿಯ ಫೋಲ್ಡರನ್ನು ಹಗೇವಿನಿಂದ ಆಚೆ ಇಡು. ನಿಮ್ಮಲ್ಲಿ ಇಗ್ನೋರ್ ಫೈಲು ಎಂದು ಇತ್ತಂತೆ, ಇದನ್ನು ಒಳಗೆ ತೆಗೆದುಕೊಳ್ಳಬೇಡ ಎಂದು ಹಗೇವಿಗೆ ಹೇಳುವ ಚೀಟಿ. ಅದರಲ್ಲಿ ಆ ಫೋಲ್ಡರಿನ ಹೆಸರು ಬರೆದರೆ ಸಾಕು, ಒಂದೇ ಸಾಲು. ಆದರೆ ರೊಟ್ಟಿ ತೆಗೆಯುವ ಭರದಲ್ಲಿ ಬೀಸುವ ಯಂತ್ರದ ಗುರುತನ್ನು ತೆಗೆದೀಯೆ, ಎಚ್ಚರ. ಯಾವ ಯಂತ್ರ, ಅದರ ಯಾವ ಆವೃತ್ತಿ ಎಂಬುದು ಒಳಗೇ ಇರಬೇಕು, ಇಲ್ಲದಿದ್ದರೆ ಕಾಳು ಇಟ್ಟುಕೊಂಡು ಉಪವಾಸ ಬೀಳುತ್ತೇವೆ. ರೊಟ್ಟಿಯನ್ನೇ ತೆಗೆದರೆ ನಮ್ಮ ಹಿರಿಯರಿಗೆ ಬಾಗಿಲೇ ಇರುತ್ತಿರಲಿಲ್ಲವಲ್ಲ ಎಂದು ಅಂದಾನೆಪ್ಪ ತರ್ಕ ಮಾಡಿದ. ಬೇಯಿಸಿಕೊಳ್ಳುತ್ತಿದ್ದರು, ಅವರಿಗೇನು ಕೈ ಇರಲಿಲ್ಲವೇ ಎಂದೆ. ಪ್ರತಿ ವರ್ಷ ಬೇಯಿಸಿದ್ದರೆ ಎಲ್ಲಿ ಹೊತ್ತುತ್ತದೆ ಎಂಬುದು ಮೊದಲ ವರ್ಷವೇ ತಿಳಿಯುತ್ತಿತ್ತು, ಕೈಗೆ ಸಿಗುವ ಹಾಗೆ ನೀನು ಇರುವಾಗಲೇ.

ಇವತ್ತು ಬೆಳಿಗ್ಗೆ ಬಿಸಿಗೋಡೆ ಮುಟ್ಟಿ ನೋಡಿದೆ. ಬೆಚ್ಚಗಾಗಿದೆ. ಓಣಿಯ ಹೆಂಗಸರೆಲ್ಲ ಬಂದು ಅಂಗೈ ಇಟ್ಟು ನೋಡಿದರು, ತಿರುಗಿ ಹೋದರು. ಬೇರೆ ವರ್ಷವಾಗಿದ್ದರೆ ಈ ದಿನ ಹಾಡು ಶುರುವಾಗುತ್ತಿತ್ತು. ಪರೀಕ್ಷೆಗೆಂದು ಒಂದು ರೊಟ್ಟಿ ಬಡಿದು ಅಂಟಿಸಿದೆ. ಬಹಳ ಹೊತ್ತು ಹಸಿಯಾಗಿಯೇ ಇತ್ತು, ಬೇಯದಿದ್ದರೆ ಸಾಕು ಎಂದು ನೋಡುತ್ತ ಕೂತೆ. ನನ್ನ ಆಯುಷ್ಯದಲ್ಲಿ ರೊಟ್ಟಿ ಬೇಯದಿರಲಿ ಎಂದು ಬೇಡಿಕೊಂಡದ್ದು ಇದೇ ಮೊದಲು. ಮಧ್ಯಾಹ್ನಕ್ಕೆ ಅಂಚು ಒಣಗಿತು, ನಡುವೆ ಉಬ್ಬಿತು. ಗೋಡೆಯ ಮೊದಲ ರೊಟ್ಟಿ ಬಾಗಿಲು ರಿಪೇರಿಯವಳಿಗೆ ಸಲ್ಲಬೇಕು, ಅದು ನಮ್ಮ ಪದ್ಧತಿ. ಇಡಿಯಾಗಿ ಕೊಡಬೇಕು, ಮಡಿಸಬಾರದು, ಮುರಿ‌ಯಬಾರದು. ಕೊಳವೆಯ ಬಾಯಿಗೆ ಹಿಡಿದು ನೋಡಿದೆ. ಬಟ್ಟೆಯಲ್ಲಿ ಸುತ್ತಿ ನನ್ನ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ.

ಅವಳಿಗೆ ಗೋಡೆಯ ಮಾತು ಹೇಳಲಿಲ್ಲ. ಅವಳೇ ಕೇಳಿದಳು, "ಆಯಿ, ರೊಟ್ಟಿ ವಾಸನಿ ಬರಾಕತ್ತೈತಲಾ" ಎಂದು. "ನಿನ್ನ ಮೂಗಿಗೆ ಏನೋ ಆಗೈತಿ" ಎಂದೆ. ಉರಿಗಾಳಿ ಎದ್ದ ದಿನ ಕೊಳವೆಯನ್ನೂ ಮುಚ್ಚಬೇಕು, ಇಲ್ಲವಾದರೆ ಆ ಮುಷ್ಟಿಯಷ್ಟು ದಾರಿಯಲ್ಲೇ ಓಣಿ ಬೇಯುತ್ತದೆ. ಓಣಿಯ ಕೊನೆಯಲ್ಲಿ ಅಂದಾನೆಪ್ಪ ಕೆಮ್ಮಣ್ಣು ನೆನೆಹಾಕಿದ್ದಾನೆ. ಕಾಲಿನಿಂದ ತುಳಿದು ಹದ ಮಾಡುತ್ತಾನೆ, ನಾನು ನೋಡಿದರೆ ನಿಲ್ಲಿಸುತ್ತಾನೆ, ಮುಖ ತಿರುಗಿಸಿದರೆ ಮತ್ತೆ ತುಳಿಯುತ್ತಾನೆ. ಅಮಾವಾಸ್ಯೆಯ ಪದರು ತೆರೆಯುವವರೆಗೆ ಆ ಮಣ್ಣನ್ನು ಕೊಳವೆಯ ಹತ್ತಿರ ತರಗೊಡುವುದಿಲ್ಲ ಎಂದು ಹೇಳಿದ್ದೇನೆ. ಅದಕ್ಕಿಂತ ಹೆಚ್ಚು ಹೇಳುವ ಶಕ್ತಿ ನನಗಿಲ್ಲ, ತೊಟ್ಟಿಲುಗಳು ನನಗೂ ಕಾಣುತ್ತವೆ.

ಚಹಾ ಆಮೇಲೆ ಕುಡಿ. ಹಗೇವು ತೆರೆ, ಮಾಡಿದ್ದೇನು ಎಂದು ಬರೆ. ಈ ಸಲ "ಸಣ್ಣ" ಎಂಬ ಮಾತು ನಿನ್ನ ಕೈಯಿಂದ ಬರಕೂಡದು. ನಿನಗೆ ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಒಳಗೆ ಬಿದ್ದಿರಲಿ.